ಹಸನಬಿಯ ಬಲಗೈ

ಜೂನ್ ೧೨, ರೋಣ

ಈ ವಹಿಯನ್ನು ನನ್ನ ಸಲುವಾಗಿ ಮಾತ್ರ ಬರೆಯುತ್ತಿದ್ದೇನೆ. ಯಾರೂ ಓದಕೂಡದು. ಆದರೂ ಮುಂದೆ ಎಂದಾದರೂ "ಸಿದ್ದರಾಮೇಶ ಮಾಸ್ತರರು ಅಂದೇ ಹೇಳಿದ್ದರು" ಎಂದು ಒಪ್ಪಿಕೊಳ್ಳುವ ಪ್ರಸಂಗ ಬಂದರೆ ದಾಖಲೆ ಇರಲಿ.

ಬೆಳಿಗ್ಗೆ ೯.೪೦ಕ್ಕೆ ಪ್ರಾಚಾರ್ಯ ಹನುಮಪ್ಪನವರು ಕರೆಸಿದರು. ನಮ್ಮ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಈ ವರ್ಷ ಸೇರಿದವರು ಹನ್ನೊಂದೇ ಜನ. ವಿಭಾಗ ಮುಚ್ಚುವ ಮಾತು ನಡೆದಿದೆ. ಮುಚ್ಚಿದರೆ ಇಪ್ಪತ್ತೆರಡು ವರ್ಷ ಪಾಠ ಹೇಳಿದ ನಾನು ಗ್ರಂಥಾಲಯದಲ್ಲಿ ಕೂತು ಪುಸ್ತಕಗಳಿಗೆ ಮುದ್ರೆ ಒತ್ತಬೇಕು. ಉಳಿಯುವ ದಾರಿ ಒಂದೇ ಇದೆ. ಧಾರವಾಡದ ಒಂದು ಸಂಶೋಧನಾ ಕೇಂದ್ರದವರು ರೋಬೋಟಿಗೆ ಸ್ಪರ್ಶ ಕಲಿಸುತ್ತಿದ್ದಾರೆ, ನಮ್ಮನ್ನೂ ಜೊತೆಗೆ ತೆಗೆದುಕೊಂಡಿದ್ದಾರೆ. ಆಗಸ್ಟ್ ಐದಕ್ಕೆ ಪರಿಶೀಲನಾ ತಂಡ ಬರುತ್ತದೆ. ಅವರು ಒಪ್ಪಿದರೆ ಪ್ರಯೋಗಾಲಯ ಇಲ್ಲೇ ನಿಲ್ಲುತ್ತದೆ, ವಿಭಾಗವೂ ನಿಲ್ಲುತ್ತದೆ.

ಆ ಯೋಜನೆಯ ಮುಖ್ಯಸ್ಥೆ ಯಾರು? ಮೇಘಾ. ಹನ್ನೆರಡು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿ. ಬೆಸುಗೆ ಹಾಕುವ ಪರೀಕ್ಷೆಯಲ್ಲಿ ನನ್ನ ಹಾಜರಿ ಪುಸ್ತಕದ ಮೂಲೆ ಸುಟ್ಟವಳು. "ನಿನ್ನ ಕೈ ಸೂಕ್ಷ್ಮ ಕೆಲಸಕ್ಕಲ್ಲ" ಎಂದು ಇಡೀ ತರಗತಿಯೆದುರು ಹೇಳಿದ್ದೆ. ಈಗ ಆ ಹುಡುಗಿ ಕೈಗಳನ್ನೇ ತಯಾರಿಸುತ್ತಾಳಂತೆ. ಅದೂ ಸೂಕ್ಷ್ಮ ಕೈ.

ಯೋಜನೆಯ ಕಾಗದಕ್ಕೆ ಸಹಿ ಮಾಡಿ ಬಂದೆ.

ಜೂನ್ ೧೪

ಎರಡು ಪೆಟ್ಟಿಗೆ ಬಂದವು. ಎರಡರಲ್ಲೂ ಒಂದೊಂದು ಯಂತ್ರದ ಕೈ, ಎಡ ಮತ್ತು ಬಲ. ಜೊತೆಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ, ಬೆರಳಿಗೆ ತೊಡುವ ಒಂದು ಜೊತೆ ಕೈಚೀಲ, ಅಂದರೆ ಕೈಗವಸು.

ನ್ಯಾಯವಾಗಿ ಬರೆಯಬೇಕು. ತಂತ್ರ ಕೆಟ್ಟದ್ದಲ್ಲ. ಸಾಮಾನ್ಯ ಯಂತ್ರ ಪ್ರತಿ ಕ್ಷಣವೂ ಅಳೆಯುತ್ತಲೇ ಕೂರುತ್ತದೆ. ಇದು ಹಾಗಲ್ಲ. ಬೆರಳ ತುದಿಯಲ್ಲಿ ಏನಾದರೂ ಬದಲಾದರೆ ಮಾತ್ರ ಒಂದು ಮಿಡಿತ ಹೊರಡುತ್ತದೆ. ಮೆದುಳಿನ ನರಗಳ ಮಾದರಿಯಲ್ಲಿ ಮಾಡಿದ ಚಿಪ್ ಆ ಮಿಡಿತಗಳನ್ನು ಕೂಡಿಸಿ, ಒತ್ತಬೇಕೋ ಬಿಡಬೇಕೋ ಎಂದು ಅಲ್ಲೇ ತೀರ್ಮಾನಿಸುತ್ತದೆ. ಬದಲಾವಣೆ ಇಲ್ಲದಿದ್ದರೆ ಸುಮ್ಮನಿರುತ್ತದೆ. ತೊಟ್ಟ ಅಂಗಿ ಐದು ನಿಮಿಷದ ಮೇಲೆ ಮೈಗೆ ಗೊತ್ತಾಗುವುದಿಲ್ಲವಲ್ಲ, ಹಾಗೆ.

ಕೈಚೀಲದಲ್ಲೂ ಅದೇ ಪದರವಿದೆ. ಕುಶಲರೊಬ್ಬರು ಅದನ್ನು ತೊಟ್ಟು ಕೆಲಸ ಮಾಡಿದರೆ ಯಂತ್ರ ಅವರ ಒತ್ತನ್ನು ಕಲಿಯುತ್ತದೆ. ಯಾವ ಕೆಲಸ? ನಾನು ಗಡಿಯಾರ ರಿಪೇರಿ ಎಂದುಕೊಂಡಿದ್ದೆ. ಆ ಹುಡುಗಿ ಫೋನಿನಲ್ಲಿ ಹೇಳಿದ್ದು ಬೇರೆ.

"ಸರ, ಗಾಜಿನ ಬಳಿ ಇಡಸೂದು. ಗಾಜೂ ಒಡೀಬಾರ್ದು, ಕೈಗೂ ನೋವಾಗಬಾರ್ದು. ಅದಕ್ಕಿಂತ ಕಠಿಣ ಪರೀಕ್ಷಾ ಇಲ್ರಿ. ಗಜೇಂದ್ರಗಡದಾಗ ಹಸನಬಿ ಅಂತ ಅದಾರ, ನಮ್ಮವ್ವಗ ಅವ್ರ ಇಡಸ್ತಿದ್ರು. ನೀವ ಹೋಗಿ ಕೇಳ್ರಿ."

ಇಪ್ಪತ್ತೆರಡು ವರ್ಷದ ಅನುಭವ. ಬಳೆ ಅಂಗಡಿ.

ಜೂನ್ ೧೭

ಬೆಳಿಗ್ಗೆ ೮.೧೫ರ ಬಸ್ಸಿಗೆ ಗಜೇಂದ್ರಗಡ. ಪೇಟೆಯಲ್ಲಿ ಮೂರು ಮೊಳ ಅಗಲದ ಅಂಗಡಿ. ಬಳೆ ಮಾರುವ ಹೆಂಗಸಿಗೆ ಅರವತ್ತರ ಹತ್ತಿರ ವಯಸ್ಸು, ದಪ್ಪ ಕನ್ನಡಕ, ದೊಡ್ಡ ಗಂಟಲು. ಮಗ ರಫೀಕ ಆಟೋ ಓಡಿಸುತ್ತಾನೆ. ಸೊಸೆ ಬದರುನ್ನಿಸಾ ಅಂಗಡಿಯ ಹಿಂದೆ ಕೂತು ಬಳೆ ಪೋಣಿಸಿ ದಾರ ಕಟ್ಟುತ್ತಾಳೆ.

ನಾನು ದೂರದಿಂದಲೇ ನಮಸ್ಕರಿಸಿ ಯೋಜನೆಯನ್ನು ಹದಿನೈದು ನಿಮಿಷ ವಿವರಿಸಿದೆ. ಆಕೆ ಕೈಚೀಲವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಕೈಗೆ ಚೀಲ ಹಾಕ್ಕೊಂಡು ಬಳಿ ಇಡಸು ಅಂತೀರಿ. ಮೂಗ ಕಟಗೊಂಡು ಮಲ್ಲಿಗಿ ಮೂಸಿದಂಗಾತು."

"ವಿಜ್ಞಾನದ ಸಲುವಾಗಿ" ಎಂದೆ.

"ವಿಜ್ಞಾನ ಇರ್ಲಿ. ಮದಲ ನಿಮ್ಮ ಕೈ ಕೊಡ್ರಿ. ಬಳಿ ಇಡಿಸ್ಕೊಳ್ಳದವ್ರ ಜೋಡಿ ನಾ ಬಳಿ ಮಾತು ಆಡಾಂಗಿಲ್ಲ."

ನಾನು ಯಾರಿಗೂ ಕೈ ಕೊಡುವವನಲ್ಲ. ಹಸ್ತಲಾಘವವನ್ನೂ ಮಾಡುವುದಿಲ್ಲ. ಮನುಷ್ಯರು ಮುಟ್ಟದೆಯೇ ವ್ಯವಹರಿಸಲೆಂದು ಭಾಷೆ ಹುಟ್ಟಿದೆ. ಮರಳಿ ಬಂದೆ.

ಜೂನ್ ೧೮

ಪ್ರಾಚಾರ್ಯರು ಗ್ರಂಥಾಲಯದಲ್ಲಿ ಒಂದು ಕುರ್ಚಿ ಖಾಲಿ ಮಾಡಿಸಿದ್ದಾರೆಂದು ಜವಾನ ಹೇಳಿದ.

ಜೂನ್ ೧೯

ಹೋದೆ. ಕೈ ಕೊಟ್ಟೆ.

ಹೇಗೆ ಬರೆಯಲಿ. ಅಂಗಡಿಯೆದುರು ಏಳು ಹೆಂಗಸರಿದ್ದರು, ಹೊರಡುವಾಗ ಹದಿನಾಲ್ಕು. ಆಕೆ ನನ್ನ ಅಂಗೈಯನ್ನು ಹಿಟ್ಟಿನಂತೆ ಒತ್ತಿ, ಹೆಬ್ಬೆರಳ ಬುಡವನ್ನು ಒಳಕ್ಕೆ ಮಡಚಿ, ನಾನು "ಆ" ಎನ್ನುವಷ್ಟರಲ್ಲಿ ಮೊದಲನೆಯ ಹಸಿರು ಬಳೆಯನ್ನು ದಾಟಿಸಿದಳು.

"ಈ ಕೈ ಭಾಳ ಬಿಗಿ ಐತ್ರಿ ಮಾಸ್ತರ್ರ. ಹಿಟ್ಟು ನಾದಿಲ್ಲ, ಕೂಸಿನ್ನ ಎತ್ತಿಲ್ಲ. ಏನ ಹಿಡದೀರಿ ಜಲಮದಾಗ?"

"ಸೀಮೆಸುಣ್ಣ" ಎಂದೆ.

ಹದಿನಾಲ್ಕು ಹೆಂಗಸರು ನಕ್ಕರು. ಆರು ಬಳೆ ಇಟ್ಟಳು. ತೆಗೆಯಲು ಹೋದರೆ ಬರಲಿಲ್ಲ. ಭಯದಿಂದ ಕೈ ಊದಿಕೊಂಡಿದೆ, ಮನೆಯಲ್ಲಿ ಸಾಬೂನು ಹಚ್ಚಿ ತೆಗೆಯಬೇಕೆಂದಳು. ಕೈಚೀಲ ತೊಡಲು ಒಪ್ಪಿದಳು. ವಿಜ್ಞಾನ ಗೆದ್ದಿತು. ಆದರೆ ರೋಣದವರೆಗೆ ಬಸ್ಸಿನಲ್ಲಿ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ನಿಂತೆ. ತಿರುವಿನಲ್ಲಿ ಕಂಬಿ ಹಿಡಿಯಲೇಬೇಕಾಯಿತು. ಕಂಡಕ್ಟರ್ ನೋಡಿ, ಟಿಕೆಟ್ ಹರಿಯುವ ಮೊದಲು "ಹೆಂಗಸ್ರಿಗೆ ಪುಕ್ಕಟ ಐತ್ರಿ" ಎಂದ.

ಹೆಂಡತಿ ರೂಪಾ ಅರ್ಧ ತಾಸು ಸಾಬೂನು ಹಚ್ಚಿ ಎಳೆದಳು. ನಗುತ್ತಲೇ ಎಳೆದಳು. ಅಷ್ಟು ಹೊತ್ತು ನಮ್ಮ ನಡುವೆ ಜಗಳವಾಗಲಿಲ್ಲವೆಂಬುದನ್ನು ದಾಖಲಿಸುತ್ತೇನೆ.

ಜೂನ್ ೨೫

ಒಂದು ವಾರ ದಿನಾ ಗಜೇಂದ್ರಗಡ. ಹಸನಬಿ ಕೈಚೀಲ ತೊಟ್ಟು ಗಿರಾಕಿಗಳಿಗೆ ಬಳೆ ಇಡಿಸುತ್ತಾಳೆ. ಬೆರಳಿನ ಪ್ರತಿ ಮಿಡಿತಕ್ಕೂ ಕೈಚೀಲಕ್ಕೆ ಜೋಡಿಸಿದ ಸಣ್ಣ ಪೆಟ್ಟಿಗೆ ಟಕ್ ಎನ್ನುತ್ತದೆ. ಬಳೆ ಗೆಣ್ಣು ದಾಟುವಾಗ ಟಕಟಕಟಕ.

"ಜ್ವಾಳದ ಅಳ್ಳ ಹುರದಂಗ ಆಕ್ಕತಿ ನೋಡ್ರಿ" ಎನ್ನುತ್ತಾಳೆ. ಬದಲಾದಾಗ ಮಾತ್ರ ಸದ್ದು ಮಾಡುತ್ತದೆಂದು ವಿವರಿಸಿದೆ. "ಹಂಗಾರ ನಮ್ಮ ಯಜಮಾನ್ರಂಗ. ಸಾರಿಗೆ ಉಪ್ಪು ಕಡಿಮಿ ಆದಾಗಷ್ಟ ಮಾತಾಡ್ತಿದ್ರು."

ನಾನು ಟಿಪ್ಪಣಿಯಲ್ಲಿ "ಒಡೆದ ಬಳೆ: ಮೂರು" ಎಂದು ಬರೆದೆ. ಜೋರಾಗಿ ಓದಿದ್ದು ತಪ್ಪಾಯಿತು. ಹಸನಬಿ ಬಾಯಿಗೆ ಸೆರಗು ಹಿಡಿದಳು.

"ಒಡದ್ವು ಅನಬಾರ್ದ್ರಿ! ಹೆಚ್ಚಿದ್ವು ಅನಬೇಕು. ಮುತ್ತೈದೇರು ಕುಂತಾರ!"

ತಿದ್ದಿ "ಹೆಚ್ಚಿದ ಬಳೆ: ಮೂರು" ಎಂದು ಬರೆದೆ. ಇನ್ನು ಮುಂದೆ ವರದಿಯಲ್ಲೂ ಹಾಗೆಯೇ. ಈಗಿನ ಗಾಜು ಮೊದಲಿನಂತಿಲ್ಲ, ಅದಕ್ಕೇ ಹೆಚ್ಚುತ್ತವೆ ಎನ್ನುತ್ತಾಳೆ.

ಜೂನ್ ೨೯

ಮಳೆ. ಕರೆಂಟಿಲ್ಲ.

ಜುಲೈ ೨

ಧಾರವಾಡದ ಕೇಂದ್ರದ ಉಗ್ರಾಣದಿಂದ ಪತ್ರ. "ತಮಗೆ ಕೊಟ್ಟ ಬಳೆ ಎಂಟು ಡಜನ್. ತಮ್ಮ ವರದಿಯಂತೆ ಹೆಚ್ಚಿದ ಬಳೆ ಎರಡು ಡಜನ್. ಒಟ್ಟು ಹತ್ತು ಡಜನ್ ಇರಬೇಕು. ಆದರೆ ಉಳಿದಿರುವುದು ಆರೇ ಡಜನ್ ಎಂದು ತಾವೇ ತೋರಿಸಿದ್ದೀರಿ. ನಾಲ್ಕು ಡಜನ್ ಎಲ್ಲಿ ಹೋದವೆಂದು ಮೂರು ದಿನದೊಳಗೆ ವಿವರಣೆ ನೀಡುವುದು."

ಮೇಘಾಗೆ ಫೋನ್ ಮಾಡಿದೆ. ಅವಳು ಒಂದು ನಿಮಿಷ ನಗುತ್ತಲೇ ಇದ್ದಳು. ಉಗ್ರಾಣದವರು ದಕ್ಷಿಣದ ಕಡೆಯವರಂತೆ. ನಾನು ನಗಲಿಲ್ಲ. ಫೋನ್ ಇಟ್ಟ ಮೇಲೆ ಸ್ವಲ್ಪ ನಕ್ಕೆ.

ಜುಲೈ ೫

ಇಂದು ಯಂತ್ರದ ಕೈಗಳಿಗೆ ಜೀವ ಕೊಟ್ಟೆವು. ಮೊದಲು ಮರದ ಕೈಯ ಮೇಲೆ ಅಭ್ಯಾಸ. ಎಡಗೈ ಅಂಗೈ ಒತ್ತಬೇಕು, ಬಲಗೈ ಬಳೆ ದಾಟಿಸಬೇಕು. ಹಸನಬಿಯನ್ನು ರಫೀಕ ಆಟೋದಲ್ಲಿ ರೋಣಕ್ಕೆ ಕರೆತಂದಿದ್ದ.

ಪತ್ರಿಕೆಯವರೊಬ್ಬರು ಬಂದಿದ್ದರು. ಪ್ರಾಚಾರ್ಯ ಹನುಮಪ್ಪನವರು ಹೊಸ ಸೂಟಿನಲ್ಲಿ ಬಂದು, ಫೋಟೋಕ್ಕಾಗಿ ಯಂತ್ರದ ಎಡಗೈಗೆ ಹಸ್ತಲಾಘವ ಕೊಟ್ಟರು. ಅದು ಹಿಡಿಯಿತು. ಬಿಡಲಿಲ್ಲ.

ಪ್ರಾಚಾರ್ಯರು ಹೆದರಿ ಕಲ್ಲಿನಂತೆ ನಿಂತರು. ತೊಂದರೆ ಅಲ್ಲೇ. ಅವರು ಅಲುಗಾಡದಿದ್ದರೆ ಬದಲಾವಣೆ ಇಲ್ಲ. ಬದಲಾವಣೆ ಇಲ್ಲದಿದ್ದರೆ ಯಂತ್ರದ ಮಟ್ಟಿಗೆ ಅಲ್ಲಿ ಏನೂ ಇಲ್ಲ. ಏನೂ ಇಲ್ಲದ ಮೇಲೆ ಬಿಡುವುದೇನನ್ನು?

"ಸರ್, ಅಲುಗಾಡಿರಿ" ಎಂದೆ. ಅವರು ಜೋರಾಗಿ ಎಳೆದರು. ಬಳೆ ಜಾರಿತೆಂದು ತಿಳಿದು ಯಂತ್ರ ಇನ್ನೂ ಬಿಗಿಯಾಗಿ ಹಿಡಿಯಿತು. ಸ್ವಿಚ್ಚು ಆರಿಸಿದರೆ ಹಿಡಿದ ಹಿಡಿತದಲ್ಲೇ ಗಟ್ಟಿಯಾಗುತ್ತದೆಂದು ಪುಸ್ತಕದಲ್ಲಿ ಬರೆದಿತ್ತು. ಪತ್ರಿಕೆಯವರು ಫೋಟೋ ತೆಗೆಯುತ್ತಲೇ ಇದ್ದರು.

ಹಸನಬಿ ಎದ್ದು ಬಂದು ಪ್ರಾಚಾರ್ಯರ ಮೊಣಕೈ ಸವರಿದಳು. "ಎಪ್ಪಾ, ಹೊಸ ಮದಲಗಿತ್ತಿ ಹಂಗ ಯಾಕ ಬಿಗಿ ಹಿಡದೀರಿ? ಕೈ ಸಡ್ಲ ಬಿಡ್ರಿ. ನಿಮ್ದಲ್ಲ ಅಂತ ಬಿಡ್ರಿ."

ಪ್ರಾಚಾರ್ಯರು ಕಣ್ಣು ಮುಚ್ಚಿ ಸಡಿಲ ಬಿಟ್ಟರು. ಟಕ್ ಟಕ್. ಯಂತ್ರ ಬಿಟ್ಟಿತು. ಒಟ್ಟು ಹತ್ತೊಂಬತ್ತು ನಿಮಿಷ. ಆಮೇಲೆ ಅವರು ಪ್ರಯೋಗಾಲಯದ ಬಾಗಿಲಿನಿಂದ ಒಳಗೆ ಬಂದಿಲ್ಲ.

ಜುಲೈ ೧೨

ನಾಲ್ಕು ದಿನದಿಂದ ಯಂತ್ರದ ಬಲಗೈ ಬಳೆಗಳನ್ನು ಪುಡಿ ಮಾಡುತ್ತಿದೆ. ಹೆಚ್ಚಿದವು ಎಂದು ಬರೆಯಲೂ ನಾಚಿಕೆಯಾಗುವಷ್ಟು. ಎಡಗೈಯ ಒತ್ತು ಮಾತ್ರ ಬೆಣ್ಣೆಯಂತೆ. ಮೇಘಾಳ ಚಿಪ್‌ನಲ್ಲೇ ದೋಷವಿದೆಯೆಂದು ನಾಲ್ಕು ಪುಟದ ಪತ್ರ ಬರೆದೆ. ಬಹಳ ಚೆನ್ನಾಗಿ ಬಂತು. ಕಳಿಸುವ ಮೊದಲು ಅಂಕಿಗಳನ್ನು ಮತ್ತೊಮ್ಮೆ ನೋಡಿದೆ.

ಯಂತ್ರ ತಪ್ಪು ಕಲಿತಿಲ್ಲ. ಹಸನಬಿಯ ಬಲಗೈ ಹೇಗೆ ಒತ್ತುತ್ತದೋ ಹಾಗೆಯೇ ಒತ್ತುತ್ತಿದೆ. ಆಕೆಯ ಬಲ ಹೆಬ್ಬೆರಳು, ತೋರುಬೆರಳು, ನಡುಬೆರಳು ಎಡಗೈಯ ಎರಡರಷ್ಟು ಒತ್ತುತ್ತವೆ. ಕೈಚೀಲ ಕೆಟ್ಟಿರಬೇಕೆಂದು ನಾನೇ ತೊಟ್ಟು ನೋಡಿದೆ, ಸರಿಯಾಗಿದೆ. ಹೊಸ ಜೊತೆ ತರಿಸಿ ನೋಡಿದೆವು, ಅದೇ ಫಲ.

ಹಾಗಾದರೆ ಆಕೆಯ ಬಳೆಗಳು ಯಾಕೆ ಇಷ್ಟು ಹೆಚ್ಚುವುದಿಲ್ಲ? ಇಂದು ಅಂಗಡಿಯಲ್ಲಿ ಸುಮ್ಮನೆ ಕೂತು ನೋಡಿದೆ. ಗಾಜು ಬಿರಿಯುವ ಮೊದಲು ಕಿಣ್ಣೆನ್ನುತ್ತದೆ. ಆಕೆ ಕಿವಿ ಕೊಟ್ಟು ಕೇಳಿ ನಿಲ್ಲುತ್ತಾಳೆ. ಯಂತ್ರಕ್ಕೆ ಕಿವಿ ಇಲ್ಲ. ನೆಲಕ್ಕೆ ಬಿದ್ದ ಸೂಜಿಯನ್ನು ಎಡಗೈಯಲ್ಲಿ ಎತ್ತುತ್ತಾಳೆ. ಯಾರೂ ನೋಡದಾಗ ಬಲಗೈಯನ್ನು ಒದ್ದೆ ಬಟ್ಟೆಯಂತೆ ಕೊಡವುತ್ತಾಳೆ.

ಕಾರಣ ಗೊತ್ತಾಯಿತು. ಆ ಬೆರಳುಗಳಿಗೆ ಸ್ಪರ್ಶವಿಲ್ಲ.

ಪತ್ರ ಹರಿದು ಹಾಕಿ, ಅಂಕಿಗಳನ್ನು ಮಾತ್ರ ಇಂದಿನ ವರದಿಯಲ್ಲಿ ಬರೆದಿಟ್ಟೆ.

ಜುಲೈ ೧೪

ಗಜೇಂದ್ರಗಡಕ್ಕೆ ಹೋಗಿ ಹೇಳದೆ ಬಂದೆ.

ಜುಲೈ ೧೫

ಇಂದೂ ಹೋಗಿ ಹೇಳದೆ ಬಂದೆ. ಹಸನಬಿ ಚಹಾ ತರಿಸಿದಳು, ಕುಡಿದೆ.

ಸಂಜೆ ಮೇಘಾಗೆ ಫೋನ್ ಮಾಡಿ, ಯೋಜನೆಯ ಮುಖ್ಯಸ್ಥೆಯಾಗಿ ನೀವೇ ಹೇಳುವುದು ಸೂಕ್ತ ಎಂದೆ.

"ಇಲ್ರಿ ಸರ, ನೀವ ಹೇಳಬೇಕು. ದಿನಾ ಅವ್ರ ಮುಂದ ಕುಂದರಾವ್ರು ನೀವು."

"ನನಗೆ ಹೇಗೆ ಹೇಳಬೇಕೋ ಗೊತ್ತಿಲ್ಲ."

"ಹ್ಯಾಂಗ ಹೇಳಬಾರ್ದು ಅನ್ನೂದು ನನಗ ಗೊತ್ತೈತ್ರಿ ಸರ. ನಾಕ ಮಂದಿ ಮುಂದ ಹೇಳಬ್ಯಾಡ್ರಿ. ನಿಂತಕೊಂಡು ಹೇಳಬ್ಯಾಡ್ರಿ. ನನಗ ನೀವು ಕೈ ಸರಿ ಇಲ್ಲ ಅಂದ ದಿನ ನಾ ನಮ್ಮೂರು ಅಸೂಟಿತನಕ ನಡಕೊಂತ ಹೋಗಿದ್ದೆ. ಬಸ್ಸಿನ್ಯಾಗ ಮಂದಿ ಮುಂದ ಅಳಬಾರ್ದು ಅಂತ."

ರೋಣದಿಂದ ಅಸೂಟಿಗೆ ನಡೆದು ಹೋಗುವ ದಾರಿ ಕಡಿಮೆಯೇನಲ್ಲ. ಹಾಜರಿ ಪುಸ್ತಕ ಈಗಲೂ ನನ್ನ ಕಪಾಟಿನಲ್ಲಿದೆ. ತೆಗೆದು ನೋಡಿದೆ. ಸುಟ್ಟಿದ್ದು ಕಡಲೆಕಾಳಿನಷ್ಟು.

"ನನ್ನ ತಪ್ಪಾತವಾ" ಎಂದೆನೋ ಏನೋ. ಏನೋ ಒಂದು ಅಂದೆ. ಲೈನು ಸರಿಯಿರಲಿಲ್ಲ.

ಜುಲೈ ೧೭

ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಪಕ್ಕದಲ್ಲಿ ಕೂತೆ. ಕಣ್ಣು ಮುಚ್ಚಿ ಕೈ ಚಾಚಲು ಹೇಳಿದೆ. ಎಡ ಹೆಬ್ಬೆರಳ ಮೇಲೆ ತೊಗರಿ ಕಾಳಿಟ್ಟೆ.

"ತೊಗರಿ."

ಗುಂಡಿ ಇಟ್ಟೆ. "ಗುಂಡಿ. ನಾಕ ತೂತಿಂದು." ಬಲಗೈಗೆ ಬಂದೆ. ಹೆಬ್ಬೆರಳ ಮೇಲೆ ಅದೇ ಗುಂಡಿ ಇಟ್ಟೆ.

"ಇಡ್ರಿ" ಎಂದಳು.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ಇಡ್ರಿ ಮಾಸ್ತರ್ರ, ಯಾಕ ತಡಾ?" ಎಂದವಳೇ ಕಣ್ಣು ತೆರೆದಳು. ಬೆರಳ ಮೇಲೆ ಕೂತಿದ್ದ ಗುಂಡಿಯನ್ನು ನೋಡಿದಳು.

ಆಕೆಗೆ ವರ್ಷದಿಂದ ಗೊತ್ತಿತ್ತಂತೆ. ಮೊದಲು ಬೆಳಗಿನ ಜಾವ ಜೋಮು ಹಿಡಿಯುತ್ತಿತ್ತು, ಆಮೇಲೆ ಹಗಲೆಲ್ಲ. ಮಗನಿಗೂ ಹೇಳಿಲ್ಲ. ಹೇಳಿದರೆ ಅಂಗಡಿ ಮುಚ್ಚಿಸುತ್ತಾನೆ.

"ಬಳಿಗಾರ್ತಿ ಬೆರಳು ಸತ್ತಾವು ಅಂದ್ರ ಯಾರ ಕೈ ಕೊಡ್ತಾರ್ರಿ ನನಗ? ನಲವತ್ತ ವರ್ಷ ಇದ ಕೈಲೆ ತಿಂದೀನಿ. ನಿಮ್ಮ ಮಿಶಿನ್ಯಾಗಿಂದ ಅದನ್ನ ಅಳಿಸಿಬಿಡ್ರಿ. ನಿಮ್ಮ ಕಾಲ ಬೀಳ್ತೀನಿ."

"ಅಳಿಸುವುದಿಲ್ಲ ಹಸನಬಕ್ಕ" ಎಂದೆ. "ದವಾಖಾನೆಗೆ ಹೋಗೋಣ."

ಆ ಬಲಗೈ ಹಿಡಿದುಕೊಂಡು ಕೂತಿದ್ದೆ. ಎಷ್ಟು ಹೊತ್ತು ಎಂದು ಗಡಿಯಾರ ನೋಡಲಿಲ್ಲ.

ಜುಲೈ ೧೯

ಗದಗಿನ ದವಾಖಾನೆ. ನಾನು, ರಫೀಕ, ಹಸನಬಕ್ಕ. ಡಾಕ್ಟರು ಮಣಿಕಟ್ಟಿನ ಮೇಲೆ ತಟ್ಟಿ ನೋಡಿ, ನರದ ಪರೀಕ್ಷೆ ಮಾಡಿಸಿ ಹೇಳಿದರು: ಮಣಿಕಟ್ಟಿನ ಸಂದಿಯಲ್ಲಿ ನರ ಇಕ್ಕಟ್ಟಿಗೆ ಸಿಕ್ಕಿದೆ. ಸಣ್ಣ ಶಸ್ತ್ರಚಿಕಿತ್ಸೆ. ನರ ಪೂರ್ತಿ ಸತ್ತಿಲ್ಲ, ಸ್ಪರ್ಶ ಬಹುಮಟ್ಟಿಗೆ ಮರಳಬಹುದು. ಇನ್ನೂ ತಡ ಮಾಡಿದರೆ ಭರವಸೆ ಇಲ್ಲ.

ಹಸನಬಕ್ಕ "ಪಂಚಮಿ ಆಗ್ಲಿ" ಎಂದಳು. ನಾಗರಪಂಚಮಿ ಇಪ್ಪತ್ತೊಂಬತ್ತಕ್ಕೆ. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಆ ವಾರವೇ ಬಳೆ ಇಡಿಸಿಕೊಳ್ಳುವುದು. ಪಂಚಮಿಗೆ ಅಂಗಡಿ ಮುಚ್ಚಿದ ಬಳೆಗಾರ್ತಿ ಎನ್ನಿಸಿಕೊಳ್ಳಲಾರೆ ಎಂದು ದವಾಖಾನೆಯ ಬೆಂಚಿನ ಮೇಲೆ ಪಟ್ಟು ಹಿಡಿದಳು. ರಫೀಕ ಬೈದ. ಡಾಕ್ಟರು ಬೈದರು.

"ಬದರುನ್ನಿಸಾ ಇಡಿಸಲಿ" ಎಂದೆ.

"ಆಕಿ? ಆಕಿ ಮುಟ್ಟಿದ್ರ ಬಳಿ ಅಲ್ಲ, ಕೈನ ಹೆಚ್ಚತೈತಿ!"

"ಒಂದು ವಾರದಲ್ಲಿ ಕಲಿಸುತ್ತೇನೆ."

ನಾನೇ ಹಾಗೆ ಅಂದೆ ಎಂದು ರಫೀಕ ಹೇಳುತ್ತಾನೆ. ಇರಬಹುದು.

ಜುಲೈ ೨೨

ನಿನ್ನೆ ಶಸ್ತ್ರಚಿಕಿತ್ಸೆ ಆಯಿತು. ಕೈಗೆ ದಪ್ಪ ಪಟ್ಟಿ. ಬಾಯಿಗೆ ಪಟ್ಟಿ ಇಲ್ಲ.

ಮೇಘಾ ಎರಡು ಉಪಕಾರ ಮಾಡಿದಳು. ಹಸನಬಕ್ಕನ ಎಡಗೈಯ ಮಿಡಿತಗಳನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ತಿರುಗಿಸಿ ಯಂತ್ರದ ಬಲಗೈಗೆ ಕೊಟ್ಟಳು. ಅದೇ ಒತ್ತು ದಾಟಿದರೆ ಕೈಚೀಲದ ಪೆಟ್ಟಿಗೆ ಜೋರಾಗಿ ಕೂಗುವಂತೆಯೂ ಮಾಡಿಕೊಟ್ಟಳು. ಅದನ್ನು ಬದರುನ್ನಿಸಾಗೆ ತೊಡಿಸಿದೆವು. ಹುಡುಗಿಗೆ ಕೈ ಇದೆ, ಧೈರ್ಯವಿಲ್ಲ. ಅತ್ತೆಯ ಕಣ್ಣು ತನ್ನ ಮೇಲಿದ್ದರೆ ಬೆರಳು ಮರಗಟ್ಟುತ್ತವೆ. ಅಭ್ಯಾಸಕ್ಕೆ ನನ್ನ ಕೈ. ಇಂದು ಹನ್ನೆರಡರಲ್ಲಿ ಏಳು ಹೆಚ್ಚಿದವು. ಕೈಯಲ್ಲಿ ಮೂರು ಗೀರು. ತರಗತಿಯಲ್ಲಿ ಹುಡುಗರು ಕೇಳಿದಾಗ ಬೆಕ್ಕು ಎಂದೆ.

ಜುಲೈ ೨೪

ಹನ್ನೆರಡರಲ್ಲಿ ಎರಡು. ನಾಲ್ಕು ಮಂದಿಯೆದುರು "ನಿನ್ನ ಕೈ ಭಾಳ ಚಲೋ ಐತಿ" ಎಂದೆ. ಬದರುನ್ನಿಸಾ ಕೈಚೀಲ ತೆಗೆದಿಟ್ಟು ಬರಿಗೈಯಲ್ಲಿ ಇಡಿಸಿದಳು. ಒಂದೂ ಹೆಚ್ಚಲಿಲ್ಲ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಆದರೂ ಎಣಿಸುತ್ತಿದ್ದಳು.

ಜುಲೈ ೨೮

ಕಾಲೇಜಿಗೆ ರಜೆ ಹಾಕಿ ಅಂಗಡಿಯಲ್ಲಿದ್ದೆ. ಅಳತೆ ನೋಡಿ ಬಳೆ ತೆಗೆದುಕೊಡುವುದು ನನ್ನ ಕೆಲಸ: ಎರಡು-ನಾಲ್ಕು, ಎರಡು-ಆರು, ಎರಡು-ಎಂಟು. ಇಡೀ ತಾಲ್ಲೂಕಿನ ಹೆಂಗಸರು ಬಂದಂತಿತ್ತು. ಹಸನಬಕ್ಕ ಪಟ್ಟಿ ಕಟ್ಟಿದ ಕೈ ಎತ್ತಿ ಹಿಡಿದು ಎತ್ತರದ ಸ್ಟೂಲಿನ ಮೇಲೆ ಕೂತು ಎಲ್ಲರನ್ನೂ ಗದರಿಸುತ್ತಿದ್ದಳು. ಬದರುನ್ನಿಸಾಗೆ ತಲೆಯೆತ್ತಲು ಪುರುಸೊತ್ತಿಲ್ಲ.

ಹೊಳೆಮಣ್ಣೂರಿನ ಒಬ್ಬ ಮುದುಕಿ ನನ್ನೆದುರು ಕೂತು ಕೈ ಚಾಚಿದಳು. "ಬಳಿಗಾರಪ್ಪಾ, ಲಗೂನ ಇಡಸೋ. ಬಸ್ ಹೊಕ್ಕೈತಿ."

ನಾನು ಪಾಲಿಟೆಕ್ನಿಕ್ಕಿನ ಉಪನ್ಯಾಸಕ ಎನ್ನಲು ಬಾಯಿ ತೆರೆದೆ. ಬಸ್ಸಿನ ಹೊತ್ತು ಖರೆಯೇ ಆಗಿತ್ತು. ಒಣಗಿದ ಸಣ್ಣ ಕೈ. ಹೆಬ್ಬೆರಳ ಬುಡ ಒಳಕ್ಕೆ ಮಡಚಿದೆ, ಬಳೆ ಓರೆ ಹಿಡಿದೆ, ಗೆಣ್ಣು ಸಿಕ್ಕಲ್ಲಿ ನಿಂತು, ಅದು ತಾನಾಗಿ ದಾರಿ ಕೊಡುವತನಕ ಕಾದೆ. ಹನ್ನೆರಡು ಬಳೆ. ಒಂದೂ ಹೆಚ್ಚಲಿಲ್ಲ. ಮುದುಕಿ ನನ್ನ ತಲೆ ನೇವರಿಸಿ, "ತಣ್ಣಗಿರು ಮಗನ" ಎಂದು ಒಂದು ಶೇಂಗಾದ ಉಂಡಿ ಕೊಟ್ಟು ಹೋದಳು.

ಮನೆಗೆ ಬಂದು ರೂಪಾಗೆ ಹೇಳಿದೆ. ಉಂಡಿಯಲ್ಲಿ ಅರ್ಧ ಕೊಟ್ಟೆ.

ಆಗಸ್ಟ್ ೫

ಪರಿಶೀಲನಾ ತಂಡ ಹತ್ತಕ್ಕೆ ಬರಬೇಕಿತ್ತು. ಬಾಗಲಕೋಟೆಯ ಕಡೆಯಿಂದ ಬರುತ್ತಿದ್ದವರು ಕೊಣ್ಣೂರಿನ ಸೇತುವೆಗೆ ಮಲಪ್ರಭೆಯ ನೀರು ಬಂದು ಎರಡು ತಾಸು ನಿಂತರು. ಪ್ರಾಚಾರ್ಯರು ಬಾಗಿಲ ಹೊರಗೆ ನಿಂತೇ ಮೂರು ಸಲ ಭಾಷಣ ಅಭ್ಯಾಸ ಮಾಡಿದರು.

ಕೊನೆಗೆ ಬಂದರು, ಮೂವರು. ಅವರಲ್ಲೊಬ್ಬರು ನರರೋಗದ ಡಾಕ್ಟರಮ್ಮ. ಬಳೆ ಇಡಿಸಿಕೊಳ್ಳಲು ಮೇಘಾ ತಾನೇ ಕೈ ಚಾಚಿದಳು. ಯಂತ್ರದ ಎಡಗೈ ಮೆಲ್ಲಗೆ ಒತ್ತಿತು, ಬಲಗೈ ದಾಟಿಸಿತು. ಒಂದು. ಎರಡು. ಮೂರು.

ನಾಲ್ಕನೆಯದು ಗೆಣ್ಣಿನ ಹತ್ತಿರ ನಿಂತಿತು. ಟಕಟಕಟಕ ಎಂದಿತು. ಮುಂದೆ ಹೋಗಲಿಲ್ಲ. ಹಿಂದಕ್ಕೆ ಬಂತು. ಮತ್ತೊಮ್ಮೆ ಹೋಗಿ ಮತ್ತೆ ಹಿಂದಕ್ಕೆ ಬಂತು.

"ಕೆಟ್ಟುಹೋಯಿತೇನು?" ಎಂದರು ತಂಡದ ಹಿರಿಯರು. ಬಾಗಿಲ ಹೊರಗೆ ಪ್ರಾಚಾರ್ಯರು ಗೋಡೆಗೆ ಆತುಕೊಂಡರು. ನನ್ನ ಕಣ್ಣ ಮುಂದೆ ಗ್ರಂಥಾಲಯದ ಮುದ್ರೆ ಬಂತು.

ಹಿಂದಿನ ಸಾಲಿನಿಂದ ಹಸನಬಕ್ಕ ಎದ್ದು ಬಂದು, ಯಂತ್ರದ ಬೆರಳಿನಿಂದ ಬಳೆ ಬಿಡಿಸಿಕೊಂಡು ಎಡಗೈಯಲ್ಲಿ ಸುತ್ತ ಸವರಿದಳು.

"ಇದು ಎರಡ್ ನಾಕು. ಈ ಹುಡುಗಿ ಕೈ ಎರಡ್ ಆರು. ನಿಂತದ್ದ ಚಲೋ ಆತ್ರಿ. ನಾ ಇದ್ರೂ ನಿಲ್ಲತಿದ್ದೆ." ಆಮೇಲೆ ತಿರುಗಿ, "ಅಳತಿ ಕಲಸಿ ಇಟ್ಟಾಂವ ಯಾಂವ?"

ನಾನು ವಿದ್ಯಾರ್ಥಿಯಂತೆ ಕೈ ಎತ್ತಿದೆ.

ಹಿರಿಯರು ಬಳೆಯನ್ನೂ ಮೇಘಾಳ ಕೈಯನ್ನೂ ನೋಡಿ, "ಆಗುವುದಿಲ್ಲ ಎಂದು ಅದಕ್ಕೇ ಗೊತ್ತಾಯಿತೇ?" ಎಂದು ಎರಡು ಸಲ ಕೇಳಿದರು. ಡಾಕ್ಟರಮ್ಮ ಅಷ್ಟರಲ್ಲಿ ನನ್ನ ಜುಲೈ ಹನ್ನೆರಡರ ವರದಿ ಓದುತ್ತಿದ್ದರು. ಹಸನಬಕ್ಕನ ಒಪ್ಪಿಗೆ ಪಡೆದು ಅದನ್ನು ಇದ್ದಂತೆಯೇ ಇಟ್ಟಿದ್ದೆ. "ಈ ಕೈಚೀಲ ಇವರ ಕಾಯಿಲೆಯನ್ನು ಹಿಡಿಯಿತೇ?" ಎಂದರು.

"ಮದಲ ಹಿಡದದ್ದು ಚೀಲ ಅಲ್ರಿ, ನಮ್ಮ ಮಾಸ್ತರ್ರು" ಎಂದಳು ಹಸನಬಕ್ಕ.

ನಾನು ತಿದ್ದುಪಡಿ ಹೇಳಬೇಕೆಂದಿದ್ದೆ. ಬದಲು ಕಲಸಿಟ್ಟ ಬಳೆಗಳನ್ನು ಅಳತೆಯಂತೆ ಬೇರೆ ಮಾಡತೊಡಗಿದೆ.

ಆಗಸ್ಟ್ ೧೨

ಪತ್ರ ಬಂತು. ಯಂತ್ರದ ಕೈಗಳು ಧಾರವಾಡಕ್ಕೆ ವಾಪಸು. ಕೈಚೀಲಗಳು ರೋಣದಲ್ಲೇ ಉಳಿಯುತ್ತವೆ. ಗಜೇಂದ್ರಗಡದ ನೇಕಾರರು, ರೊಟ್ಟಿ ಬಡಿಯುವ ಹೆಂಗಸರು, ಬಳೆಗಾರರು, ಇವರ ಬೆರಳು ಮರಗಟ್ಟುವ ಮೊದಲೇ ಪತ್ತೆ ಮಾಡುವ ಕೆಲಸ ಒಂದು ವರ್ಷ ನಡೆಯಬೇಕಂತೆ. ಅಷ್ಟು ದಿನ ವಿಭಾಗಕ್ಕೆ ಜೀವವಿದೆ. ಮುಂದಿನದು ಮುಂದೆ.

ಪ್ರಾಚಾರ್ಯರು ಪೇಡೆ ಹಂಚಿದರು. ಕೈ ಕುಲುಕಲು ಹೋದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡು ನಮಸ್ಕಾರ ಮಾಡಿದರು. ವಿಚಿತ್ರ ಮನುಷ್ಯ.

ಆಗಸ್ಟ್ ೨೧

ಸಂಜೆ ರೊಟ್ಟಿಯ ಹಿಟ್ಟು ನಾದುತ್ತಿದ್ದಾಗ ಫೋನ್ ಬಂತು. ಹಸನಬಕ್ಕ. ಕಿರುಚುತ್ತಿದ್ದಳು.

"ಮಾಸ್ತರ್ರ! ಸುಟ್ಟಕೊಂಡ್ನಿ! ಹೆಬ್ಬಟ್ಟು ಸುಟ್ಟಕೊಂಡ್ನಿ! ಹಂಚಿಗೆ ತಾಗ್ತರಿ, ಬಲಗೈದು!"

"ಬಲಗೈದಾ? ಉರಿ ಐತೇನು?"

"ಅಯ್ಯ ನಮ್ಮಪ್ಪ, ಉರಿ ಅಂದ್ರ ಉರಿ! ಜೀವಾ ಹೋಗಾಕತ್ತೈತಿ!"

"ಭಾಳ ಚಲೋ ಆತು!" ಎಂದೆ. "ಭಾಳ ಭಾಳ ಚಲೋ ಆತು ಹಸನಬಕ್ಕ!"

ಆ ಕಡೆ ಆಕೆ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಹಿಂದಿನಿಂದ ಬದರುನ್ನಿಸಾ "ನೀರಾಗ ಇಡ್ರಿ ಅತ್ತಿ" ಎಂದು ಕೂಗುವುದು ಕೇಳುತ್ತಿತ್ತು. "ತಡಿ, ಇನ್ನೊಂಚೂರು ಉರೀಲಿ" ಎಂದಳು ಹಸನಬಕ್ಕ.

ಕೂಡಲೇ ಮೇಘಾಗೆ ತಿಳಿಸಿದೆ. "ಬೊಬ್ಬಿ ಬಂದೈತೇನ್ರಿ ಸರ?" "ಬಂದೈತಂತ." "ಹಂಗಾರ ಭಾಳ ಚಲೋ!" ಎಂದು ಅವಳೂ ಕೂಗಿದಳು.

ರೂಪಾ ಒಲೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಪಾಪ, ಒಬ್ಬಾಕಿ ಕೈ ಸುಟ್ಟಕೊಂಡ್ರ ಊರೆಲ್ಲ ಫೋನ್ ಹಚ್ಚಿ ಹಿಗ್ಗತೀರಲ್ಲ, ಏನ ಮಂದಿರ್ರಿ ನೀವು?"

ವಿವರಿಸಿದೆ. ಕೇಳಿ ಅವಳೂ ಒಲೆಯ ಮುಂದೆ ಕೂತುಬಿಟ್ಟಳು. ರೊಟ್ಟಿ ಸೀದವು, ಅದನ್ನೇ ತಿಂದೆವು. ನಾಳೆ ಬೆಳಿಗ್ಗೆ ಮುಲಾಮು ತೆಗೆದುಕೊಂಡು ಗಜೇಂದ್ರಗಡಕ್ಕೆ ಹೋಗಬೇಕು. ರೂಪಾನೂ ಬರುತ್ತಾಳಂತೆ.